ಮೇದಿನವ್ವನ ಮಡ್ಲಕ್ಕಿ

ಕಾರ್ತಿಕದ ಚಳಿ ಆಗಷ್ಟೇ ಊರೊಳಗೆ ಕಾಲಿಟ್ಟಿತ್ತು, ಕುರಿಗಳು ರೊಪ್ಪ ಸೇರಿ ಒಲೆಗಳ ಹೊಗೆ ಬೀದಿಗೆ ಇಳಿಯುವ ಹೊತ್ತು, ಭರಮಸಾಗರದ ಪಂಚಾಯ್ತಿ ಕಟ್ಟೆಯ ಮೇಲಿನ ರೇಡಿಯೋ ಹುರುಳಿ ಹುರಿದ ಹಾಗೆ ಚಟಪಟ ಎಂದು ಒಮ್ಮೆಲೇ ಸುಮ್ಮನಾಯಿತು — ಗಿರಿಯಮ್ಮನ ಎದೆಯೂ ಅದರ ಜೊತೆಗೆ ಒಂದು ಗಳಿಗೆ ಸುಮ್ಮನಾಯಿತು, ಇವತ್ತು ಕೆಡಬಾರದು ಕಣಪ್ಪ, ಇವತ್ತೊಂದು ದಿನ ಮಾತಾಡಿಬಿಡು, ಆಮೇಲೆ ಬೇಕಾದರೆ ಮಳೆಗಾಲದ ತನಕ ಮಲಗಿಕೋ. ಪಂಚಾಯ್ತಿ ಜವಾನ ದಾಸಣ್ಣ ಹುಡುಗರ ಕಿವಿ ಹಿಂಡುವ ಹಾಗೆ ಗುಂಡಿ ತಿರುಗಿಸಿದ, ದನಿ ಬಂತು, ಶೇಂಗಾ ಬೀಜ ಒಣಗಿಸಿ ಇಡುವುದು ಹೇಗೆ ಅಂತ ಯಾರೋ ಹೇಳುತ್ತಿದ್ದಾರೆ, ಯಾರಿಗೆ ಬೇಕು ಇವತ್ತು ಶೇಂಗಾ, ಇದು ಮುಗಿದ ಮೇಲೆ ವಾರದ ನಾಟಕದ ಮೇದಿನಿ ಬರುತ್ತಾಳೆ, ಬಂದು ಹೋಗುತ್ತಾಳೆ, ಆಮೇಲೆ ಶುಕ್ರವಾರಗಳು ಬರೀ ಶುಕ್ರವಾರಗಳು. ಮಗ್ಗುಲಲ್ಲಿ ಶಾಂತಕ್ಕ ಕುಳಿತಿದ್ದಾಳೆ, ಮಗ್ಗುಲು ಅಂದರೆ ಒಂದು ಮೊಳ ಆಚೆ, ಗೋಡೆಗೆ ಆತು, ಮುತ್ತೈದೆಯರ ಸಾಲು ಬಿಟ್ಟು — ಕಿರೀ ಮಗ ತಿಪ್ಪಯ್ಯ ಕುರಿ ಹೊಡೆದುಕೊಂಡು ಹೋದಲ್ಲೇ ಜ್ವರ ಹತ್ತಿ ತೀರಿಕೊಂಡ ಮೇಲೆ ಈ ಸೊಸೆ ತಾನಾಗಿಯೇ ಆ ಒಂದು ಮೊಳವನ್ನು ಎಲ್ಲಿ ಹೋದರೂ ಜೊತೆಗೆ ತರುತ್ತಾಳೆ, ಹತ್ತಿರ ಬಾರೇ ಅಂದರೆ ಇರ್ಲಿ ಬಿಡತ್ತೆ ಇಲ್ಲೂ ಕೇಳ್ತೈತೆ ಅನ್ನುತ್ತಾಳೆ.

ಕೇಳುವುದು ಅವಳಿಗೆ, ತಿಳಿಯುವುದೂ ಅವಳಿಗೆ, ನಾಲ್ಕನೇ ಇಯತ್ತೆ ಓದಿದವಳು, ಗಿರಿಯಮ್ಮನಿಗೆ ದನಿ ಕೇಳುತ್ತದೆ ಕತೆ ಜಾರುತ್ತದೆ, ಮನೆಗೆ ಹೋಗುವ ದಾರಿಯಲ್ಲಿ ಕೆರೆ ಏರಿಯ ಮೇಲೆ ಶಾಂತಕ್ಕ ಎಲ್ಲವನ್ನೂ ಮತ್ತೆ ಹೇಳಬೇಕು, ಅತ್ತೆ ಅದು ಬಾನಗಾಡಿ, ಎತ್ತು ಇಲ್ಲ, ಗಾಲಿ ಇಲ್ಲ, ಮೇದಿನಿ ಅದನ್ನ ನಡೆಸ್ತಾಳೆ, ಚುಕ್ಕಿಯಿಂದ ಚುಕ್ಕಿಗೆ. ಆಕೆ ಗಂಡ? ಇನ್ನೊಂದು ಗಾಡಿ ತಗಂಡು ಮುಂದೆ ಹೋದೋನು ತಿರುಗಿ ಬರ್ಲಿಲ್ಲ ಅತ್ತೆ, ಅವನನ್ನ ಹುಡುಕ್ತಾ ಹೊಂಟಾಳೆ. ಮೊದಮೊದಲು ಊರೆಲ್ಲ ನಕ್ಕಿತ್ತು, ಅಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲವಂತೆ ಎಂದು ದಾಸಣ್ಣ ಹೇಳಿದಾಗ ರಂಗಕ್ಕ ಬಾಯಿಗೆ ಸೆರಗು ಇಟ್ಟುಕೊಂಡು, ಅಯ್ಯೋ ನಮ್ಮವ್ವ, ಹಂಗಾರೆ ಮುದ್ದೆ ಕಟ್ಟಿಟ್ರೆ ಎದ್ದು ಹೋಗ್ತೈತಲ್ಲೋ, ಗಂಡನ್ನ ಹುಡುಕ್ತಾಳೋ ಮುದ್ದೆ ಹುಡುಕ್ತಾಳೋ ಎಂದಿದ್ದಳು. ಅದೇ ರಂಗಕ್ಕ ಆಮೇಲೆ ಶುಕ್ರವಾರ ಬಂತೆಂದರೆ ಹೊತ್ತು ಮುಳುಗುವ ಮೊದಲೇ ಒಲೆ ಆರಿಸಿ ಕಟ್ಟೆಯ ಮುಂದಿನ ಜಾಗ ಹಿಡಿಯುತ್ತಿದ್ದಳು. ಮೇದಿನಿಯ ದನಿ ಹಾಗಿತ್ತು. ಹೆದರಿದಾಗಲೂ ಏರದ ದನಿ. ಗಾಡಿಗೆ ಬೆಂಕಿ ಬಿದ್ದಾಗಲೂ, ಹೆದರಬೇಡಿ, ನಾನಿದ್ದೇನೆ ಎಂದಳು, ಗಿರಿಯಮ್ಮನಿಗೆ ಅವತ್ತು ರಾತ್ರಿ ನಿದ್ದೆ ಹತ್ತಿತು, ತಿಪ್ಪಯ್ಯ ಹೋದ ಮೇಲೆ ಅಂಥ ನಿದ್ದೆ ಅದೇ ಮೊದಲು.

ಶೇಂಗಾ ಮುಗಿಯಲಿಲ್ಲ ಇನ್ನೂ. ಹೋದ ಶುಕ್ರವಾರ ಕೊನೆಯಲ್ಲಿ ರೇಡಿಯೋದವಳು ಹೇಳಿದ್ದು, ಮುಂದಿನ ವಾರ ಮೇದಿನಿ ತನ್ನ ನೌಕೆಗೆ ವಿದಾಯ ಹೇಳುತ್ತಾಳೆ, ಕೇಳಲು ಮರೆಯಬೇಡಿ — ಮರೆಯುತ್ತಾರಂತೆ! ಕಟ್ಟೆ ತುಂಬ ಗುಲ್ಲೆದ್ದಿತು, ಚಾದಂಗಡಿ ಚಿತ್ತಪ್ಪ ಹೆಗಲ ಮೇಲಿನ ಟವಲ್ಲು ಕೊಡವಿ, ಇನ್ನು ಈ ಕಡೆ ತಲೆ ಹಾಕಿದ್ರೆ ಕೇಳ್ರಿ, ಆಕೆ ಇಲ್ದೆ ಆ ಗಾಡಿ ಯಾವೋನು ಹೊಡೀತಾನೆ ಎಂದು ಎದ್ದೇ ಹೋದ, ಯಾರೋ ಆ ಪಾಲ್ಟು ಮಾಡೋ ಹೆಣ್ಣುಮಗಳು ಬ್ಯಾರೆ ಕೆಲಸಕ್ಕೆ ಹೋಗ್ತಾಳಂತೆ ಎಂದರು, ಇನ್ನು ಯಾರೋ ಇಲ್ಲ ಕತೆಯಾಗೆ ಕೆಂಪು ಮಣ್ಣಿನ ಲೋಕದಾಗೆ ಇಳ್ಕೊಂಡು ಅಲ್ಲಿಯ ಜನರ ಸಂಗಡ ಬಾಳ್ತಾಳಂತೆ ಎಂದರು. ಬಾಳುವುದಾದರೆ ಬಾಳಲಿ, ಎಂದಳು ಹಿರೇ ಸೊಸೆ ಬೊಮ್ಮಕ್ಕ, ಆದ್ರೆ ಶುಕ್ರವಾರ ಹೆಣ್ಣುಮಗಳನ್ನ ಮನೆಯಿಂದ ಕಳಿಸ್ತಾರೇನ್ರಿ ಯಾರಾದ್ರೂ? ಹೌದಲ್ಲ. ದಾಸಣ್ಣ ನಗಾಡಿದ, ರೇಡಿಯೋದೋರಿಗೆ ವಾರ ಗೀರ ಎಲ್ಲೈತವ್ವ, ಅದು ಎಲ್ಲೋ ಪ್ಯಾಟ್ಯಾಗೆ ಕುಂತ್ಕಂಡು ಓದೋದು. ರಂಗಕ್ಕ ತಿರುಗಿ ಬಿದ್ದಳು, ಲೇ ದಾಸ, ನಿನ್ನ ಹೇಣ್ತೀನ ಅವರಪ್ಪ ಶುಕ್ರವಾರ ಕಳಿಸಿದ್ನೇನೋ? ಇಲ್ಲವ್ವ. ಮತ್ತೆ ಮುಚ್ಚು ಬಾಯಿ.

ಹಾಗೆ ನಿರ್ಧಾರವಾದದ್ದು ಪರಸ್ಥಾನ ಇಡುವುದೆಂದು, ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮುಂಚಿನ ಒಳ್ಳೆಯ ದಿನವೇ ಗಂಟು ಕಟ್ಟಿ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು, ಗಂಟು ಹೊಸಿಲು ದಾಟಿತೆಂದರೆ ಆಳು ದಾಟಿದ ಲೆಕ್ಕವೇ, ಆಮೇಲೆ ಯಾವತ್ತು ಹೊರಟರೂ ದೋಷವಿಲ್ಲ. ಗಿರಿಯಮ್ಮನ ತವರಿನಲ್ಲೂ ಹಾಗೇ, ಅವಳ ಗಂಟು ಸೋದರಮಾವನ ಮನೆಯ ಗೂಟಕ್ಕೆ ಎರಡು ದಿನ ತೂಗುಬಿದ್ದಿತ್ತು. ನಿನ್ನೆ ಗುರುವಾರ ಸಂಜೆ ಹೆಂಗಸರೆಲ್ಲ ಕಟ್ಟೆಗೆ ಬಂದರು, ಸೇರು ತುಂಬ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನದ ಕೊಂಬು, ಹಸಿರು ರವಿಕೆ ಕಣ, ಮನೆಮಗಳನ್ನು ಕಳಿಸುವಾಗ ಏನು ಮಡಿಲಿಗೆ ತುಂಬುತ್ತಾರೋ ಅದೆಲ್ಲ. ದಾಸಣ್ಣ ಅಡ್ಡ ನಿಂತ, ನಿಮ್ಮ ಕಾಲಿಗೆ ಬೀಳ್ತೀನ್ರವ್ವ, ಪಂಚಾಯ್ತಿ ಪೆಟ್ಟಿಗೆ ಐತೆ ಇದು, ಅರಿಶಿನ ಕುಂಕುಮ ಬಳದು ನನ್ನ ಕೆಲಸ ಕಳೀಬ್ಯಾಡ್ರಿ. ಬಳಿಯಲ್ಲ ಸರಿಯೋ ಅತ್ಲಾಗೆ. ಆಗ ರಂಗಕ್ಕನೇ ತಡೆದಳು, ಅವಳ ಮುಖ ನೋಡಬೇಕಿತ್ತು, ಅಲ್ಲ ಕಣ್ರೇ, ಆಕೆ ಗಂಡ ಇಲ್ದೋಳಲ್ವೇನ್ರೇ? ಗಂಡ ಸತ್ತೋಳಿಗೆ ಮಡ್ಲಕ್ಕಿ ಎಲ್ಲೈತೆ? ಸತ್ತಾನೆ ಅಂತ ಅವರು ಹೇಳಿಲ್ಲ, ಕಾಣೆ ಆಗ್ಯಾನೆ ಅಂದ್ರು, ಎಂದಳು ಬೊಮ್ಮಕ್ಕ. ಅಷ್ಟು ದಿನದಿಂದ ಕಾಣೆ ಆದೋನು ಬದುಕಿರ್ತಾನೇನೇ? ಚುಕ್ಕಿ ಲೋಕದಾಗೆ ದಿನದ ಲೆಕ್ಕ ಬ್ಯಾರೆ ಅಂತೆ. ಯಾರು ಹೇಳಿದ್ದು? ಶಾಂತಕ್ಕನೇ. ಎಲ್ಲರೂ ಗೋಡೆಯ ಕಡೆ ನೋಡಿದರು, ಶಾಂತಕ್ಕ ನೆಲ ನೋಡಿದಳು.

ಶಾಂತಕ್ಕನನ್ನು ಕೇಳಿಕೊಂಡು ಆದಿವಾಲದಿಂದ ಅವರು ಎರಡು ಸಲ ಬಂದು ಹೋಗಿದ್ದಾರೆ. ಗೋವಿಂದಪ್ಪ ಅಂತ, ಹೆಂಡತಿ ತೀರಿಕೊಂಡಿದ್ದಾಳೆ, ಕಾಲುವೆ ನೀರಿನ ಹೊಲ, ಜೋರಾಗಿ ಮಾತಾಡದ ಮನುಷ್ಯ, ಬಂದವನು ನೀರಿನ ಚೊಂಬು ಇಸಿದುಕೊಳ್ಳುವಾಗ ಎರಡೂ ಕೈ ನೀಡಿದ. ಕೂಡಿಕೆ ಅನ್ನುತ್ತಾರೆ ಅದಕ್ಕೆ, ಗಂಡ ಹೋದವಳನ್ನು ಇನ್ನೊಬ್ಬ ಕರೆದೊಯ್ಯುವುದಕ್ಕೆ, ಜಾತಿಯಲ್ಲಿ ಉಂಟು, ತಪ್ಪೇನಿಲ್ಲ, ಆದರೆ ವಾಲಗವಿಲ್ಲ ಮಡ್ಲಕ್ಕಿ ಇಲ್ಲ, ಕತ್ತಲಾದ ಮೇಲೆ ಹೊಸ ಸೀರೆ ಉಡಿಸಿ ಹಿತ್ತಿಲಿನಿಂದ ಕಳಿಸುವುದು, ಮತ್ತೆ ಗಂಡನ ಮನೆಯ ಹಿರಿಯಳ ಬಾಯಿಂದ ಹೋಗು ಅನ್ನುವ ಮಾತು ಬರಬೇಕು. ಅವ್ವಾ ನೀನು ಹೆಂಗಂದ್ರೆ ಹಂಗೆ, ಎಂದ ಹಿರೇ ಮಗ ಓಬಣ್ಣ. ಕೆರೆಯಲ್ಲಿ ಬಟ್ಟೆ ಹಿಂಡುತ್ತ ಶಾಂತಕ್ಕನೂ ಅದನ್ನೇ ಅಂದಳು, ನೀವು ಹೋಗು ಅಂದ್ರೆ ಹೋಗ್ತೀನತ್ತೆ, ಇರು ಅಂದ್ರೆ ಇರ್ತೀನಿ, ಎಂದು ಸೀರೆಯನ್ನು ಇನ್ನೂ ಬಿಗಿಯಾಗಿ ಹಿಂಡಿದಳು, ಹಿಂಡಿದ್ದನ್ನೇ ಹಿಂಡಿದಳು, ಒಂದು ಹನಿಯೂ ಉಳಿದಿರಲಿಲ್ಲ ಅದರಲ್ಲಿ. ಆಸೆ ಇದೆ ಅವಳಿಗೆ. ಗೊತ್ತಾಯಿತು. ಗೊತ್ತಾಗಿಯೂ ಗಿರಿಯಮ್ಮ ಅಂದದ್ದು, ಸಂಕ್ರಾಂತಿ ಆಗ್ಲಿ ನೋಡಾಣ. ಯಾಕಂದೆ ಹಾಗೆ? ಬೊಮ್ಮಕ್ಕ ಇದ್ದಾಳೆ, ಮೊಮ್ಮಕ್ಕಳಿದ್ದಾರೆ, ಗಂಜಿ ಕಾಸಿ ಕೊಡಲು ಜನಕ್ಕೇನೂ ಬರವಿಲ್ಲ, ಆದರೆ ಕೆರೆ ಏರಿಯ ಮೇಲೆ ಕತೆ ಯಾರು ಹೇಳುತ್ತಾರೆ, ಎತ್ತು ಇಲ್ಲ ಗಾಲಿ ಇಲ್ಲ ಅಂತ ಅಷ್ಟು ತಾಳ್ಮೆಯಿಂದ ಯಾರು ಹೇಳುತ್ತಾರೆ, ಅಷ್ಟಕ್ಕೇ, ಅಷ್ಟಕ್ಕೇ ಒಂದು ಜೀವವನ್ನು ಗೋಡೆಗೆ ಒರಗಿಸಿ ಕೂರಿಸಿದೆನಾ.

ಶೇಂಗಾ ನಿಂತಿತು, ಕೊಳಲು ಬಂತು, ಮೇದಿನಿಯ ಕೊಳಲು, ಕಟ್ಟೆಯಲ್ಲಿ ಕೆಮ್ಮುವವರೂ ಕೆಮ್ಮಲಿಲ್ಲ, ತಲೆ ಹಾಕುವುದಿಲ್ಲವೆಂದ ಚಿತ್ತಪ್ಪ ಬೇವಿನ ಮರದ ಹಿಂದೆ ನಿಂತಿದ್ದಾನೆ, ಟವಲ್ಲು ಕಾಣುತ್ತಿದೆ. ನಿನ್ನೆ ಅಷ್ಟು ವಾದವಾದ ಮೇಲೆ ಗಿರಿಯಮ್ಮನೇ ಬಾಯಿ ಬಿಟ್ಟಿದ್ದಳು, ಗಂಡ ಇದ್ರೇನು ಇಲ್ದಿದ್ರೇನು, ಮನೆಮಗಳು ಹೊಂಟಾಳೆ, ಬರಿಗೈಲಿ ಕಳಿಸೋದು ಬ್ಯಾಡ, ತುಂಬ್ರೇ. ಹಿರಿಯಳ ಮಾತು, ಯಾರೂ ಎದುರಾಡಲಿಲ್ಲ. ರಂಗಕ್ಕನೇ ಮೊದಲು ಸೇರು ಎತ್ತಿದಳು, ಎತ್ತಿ ಹಾಗೇ ನಿಂತಳು, ಪೆಟ್ಟಿಗೆಗೆ ಸೆರಗು ಎಲ್ಲೈತೆ, ಯಾರಾದ್ರೂ ಒಡ್ಡಬೇಕಲ್ಲ. ನಾನು ಒಡ್ಡಲಾ ಎಂದಳು ಬೊಮ್ಮಕ್ಕ. ಗಿರಿಯಮ್ಮನ ಬಾಯಿಂದ ಹೇಗೆ ಬಂತೋ, ಶಾಂತಿ, ನೀನು ಬಾ, ಮೇದಿನಿ ಹೆಂಗೈದಾಳೋ ನೀನೂ ಹಂಗೇ ಐದೀಯ, ನೀನೇ ಹಿಡಿ. ಶಾಂತಕ್ಕ ಎದ್ದಳು, ಗೋಡೆ ಬಿಟ್ಟಳು, ಎರಡು ಕೈಯಿಂದ ಸೆರಗು ಒಡ್ಡಿದಳು, ಬಳೆ ಇಲ್ಲದ ಕೈ, ಅಕ್ಕಿ ಬಿದ್ದ ಹಾಗೆಲ್ಲ ಸೆರಗು ಇಳಿಯಿತು, ಇಳಿದ ಹಾಗೆಲ್ಲ ಅವಳು ಕೈ ಎತ್ತಿದಳು. ಗಂಟು ಕಟ್ಟಿ ಒಯ್ದು ರಂಗಕ್ಕನ ಮನೆಯ ಗೂಟಕ್ಕೆ ಹಾಕಿದವಳೂ ಅವಳೇ.

ಬಾಗಿಲು ತೆರೆಯಿರಿ, ಎನ್ನುತ್ತಾಳೆ ಮೇದಿನಿ. ಗಾಳಿಯ ಸದ್ದು. ಹೊರಗೆ ಏನಿದೆಯೋ ಗೊತ್ತಿಲ್ಲ ಅಮ್ಮಾ, ಎನ್ನುತ್ತಾನೆ ಗಾಡಿಯ ಹುಡುಗ. ಗೊತ್ತಿಲ್ಲ, ಅದಕ್ಕೇ ಇಳಿಯುತ್ತೇನೆ, ನೀವು ಮುಂದೆ ಹೋಗಿ, ನನಗಾಗಿ ನಿಲ್ಲಬೇಡಿ — ದನಿ ಏರಲಿಲ್ಲ, ಈಗಲೂ ಏರಲಿಲ್ಲ, ಗಾಳಿ, ಕೊಳಲು, ಮತ್ತೆ ಏನೂ ಇಲ್ಲ. ರಂಗಕ್ಕ ಮೂಗು ಒರೆಸಿಕೊಂಡು, ಮಡ್ಲಕ್ಕಿ ತಗಂಡಾಳಲ್ಲ, ಚೆಂದಾಗಿರ್ತಾಳೆ ಬಿಡ್ರೇ ಎಂದಳು. ದಾಸಣ್ಣ ರೇಡಿಯೋ ಆರಿಸಲಿಲ್ಲ, ಅದರ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತ. ಒಬ್ಬೊಬ್ಬರೇ ಎದ್ದರು. ಅತ್ತೆ, ಹೋಗಾಣ್ವಾ, ಎಂದಳು ಶಾಂತಕ್ಕ. ಗಿರಿಯಮ್ಮ ಕೈ ಚಾಚಿ ಆ ಒಂದು ಮೊಳವನ್ನು ದಾಟಿ ಅವಳ ಮಣಿಕಟ್ಟು ಹಿಡಿದುಕೊಂಡಳು, ಗೂಟದ ಮೇಲಿನ ಗಂಟು ನಿಂದೇ ಕಣವ್ವ, ಓಬಣ್ಣನ ಕೈಲಿ ಆದಿವಾಲಕ್ಕೆ ಹೇಳಿ ಕಳಿಸ್ತೀನಿ, ಹಗಲೊತ್ತೇ ಬರ್ಲಿ ಅವರು, ಮುಂಬಾಗಿಲಿಂದ ಹೋಗು. ಶಾಂತಕ್ಕ ಗೋಡೆ ಬಿಟ್ಟು ಹತ್ತಿರ ಸರಿದಳು, ಅವರು ಬರುವುದು ಸೋಮವಾರವೋ ಬುಧವಾರವೋ, ಯಾವತ್ತಾದರೇನು, ಗಂಟು ಹೊಸಿಲು ದಾಟಿಯಾಗಿದೆ, ಪಕ್ಕದಲ್ಲಿ ಕುಳಿತವಳು ಆಗಲೇ ಹೋದವಳು, ನಾನೇ ಕಳಿಸಿದವಳು — ಒಡ್ಡಿದ ಸೆರಗು, ಬೀಳುವ ಅಕ್ಕಿ, ಏಳುವ ಎರಡು ಬರಿಗೈ, ಒಡ್ಡಿದ ಸೆರಗು, ಬೀಳುವ ಅಕ್ಕಿ, ಒಡ್ಡಿದ ಸೆರಗು — ಹೋದವಳು ಶಾಂತಕ್ಕ, ಹೋದದ್ದು ಗುರುವಾರ.