ಬಿಸಿಯಾಗದ ಬಲ್ಬು

ನಾಡಿನ ಹಿತಕ್ಕೆ ಸಂಬಂಧಿಸಿದ ಒಂದು ಮಹತ್ವದ ಪ್ರಶ್ನೆ, ಆರಿದ ಬಲ್ಬನ್ನು ಮುಟ್ಟಿದರೆ ಬಿಸಿ ಇರುತ್ತದೆಯೋ ಇಲ್ಲವೋ ಎಂಬುದು, ಕಳೆದ ಸೋಮವಾರ ಯರಗುಪ್ಪಿ ಹೊರಗಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ವಿಚಾರಣೆಗೆ ಬಂತು. ಚೇರಮನ್ ಈರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸಂದರ್ಶನ ನಡೆಸಲು ಹುಬ್ಬಳ್ಳಿಯಿಂದ ಪ್ರತಾಪ ಎಂಬ ಕನ್ಸಲ್ಟಂಟ್ ಬಂದಿದ್ದ. ಇದ್ದದ್ದು ಒಂದೇ ಕೆಲಸ, ಕಾಯಂ ಎಲೆಕ್ಟ್ರಿಷಿಯನ್‌ದು. ಅದನ್ನು ಐದು ವರ್ಷದಿಂದ ರೋಹಿಣಿ ಹಂಗಾಮಿಯಾಗಿ ಮಾಡುತ್ತಿದ್ದಳು. ಕಾಯಂ ಮಾಡುತ್ತೇವೆಂದು ಚೇರಮನ್ನರು ಹೇಳಿ ಎರಡು ದೀಪಾವಳಿ ಕಳೆದಿದ್ದವು.

ಪ್ರತಾಪ ಲ್ಯಾಪ್‌ಟಾಪ್ ನೋಡಿ ಓದಿದ: "ಮುಚ್ಚಿದ ಕೋಣೆಯೊಳಗೆ ಒಂದು ಬಲ್ಬಿದೆ. ಹೊರಗೆ ಮೂರು ಸ್ವಿಚ್. ಒಳಗೆ ಒಂದೇ ಸಲ ಹೋಗಬಹುದು. ಬಲ್ಬಿನ ಸ್ವಿಚ್ ಯಾವುದು ಅಂತ ಹೇಗೆ ಕಂಡುಹಿಡೀತೀರಿ?"

"ಸ್ವಿಚ್ಚಿನ ಕೆಳಗ ಬರದಿರತೈತ್ರಿ," ಎಂದಳು ರೋಹಿಣಿ.

"ಬರೆದಿಲ್ಲ."

"ಬರೀದ ಬಿಟ್ಟಾಂವ ಯಾರ್ರಿ? ಮೊದಲ ಅವನ್ನ ಕರಸ್ರಿ."

ಈರಪ್ಪನವರು ಕೆಮ್ಮಿದರು. "ಕೇಳಿದ್ದಕ್ಕ ಉತ್ತರ ಕೊಡವಾ."

ಪ್ರತಾಪ ನಕ್ಕು ಉತ್ತರವನ್ನು ತಾನೇ ಬಿಡಿಸಿ ಹೇಳಿದ, ಒಂದನೇ ಇಯತ್ತೆಯ ಮಕ್ಕಳಿಗೆ ಹೇಳುವ ಹಾಗೆ. ಮೊದಲ ಸ್ವಿಚ್ ಹತ್ತು ನಿಮಿಷ ಹಾಕಿಟ್ಟು ಆರಿಸಬೇಕು. ಎರಡನೆಯದನ್ನು ಹಾಕಿ ಒಳಗೆ ಹೋಗಬೇಕು. ಬಲ್ಬು ಉರಿಯುತ್ತಿದ್ದರೆ ಎರಡನೆಯದು, ಆರಿದ್ದರೂ ಬಿಸಿ ಇದ್ದರೆ ಮೊದಲನೆಯದು, ತಣ್ಣಗಿದ್ದರೆ ಮೂರನೆಯದು.

"ಬೇರೆ ದಿಕ್ಕಿನಿಂದ ಯೋಚನೆ ಮಾಡಬೇಕು ಮೇಡಂ. ಸಿದ್ಧಾರೂಢ ಥಟ್ಟನೆ ಹೇಳಿದರು."

ಸಿದ್ಧಾರೂಢ ಚೇರಮನ್ನರ ತಂಗಿಯ ಮಗ. ತನ್ನ ಸಂದರ್ಶನ ಮುಗಿಸಿ ಹೊರಗೆ ಮೊಬೈಲ್ ನೋಡುತ್ತ ಕೂತಿದ್ದ.

"ನಮ್ಮ ಖೋಲಿಯೊಳಗ ಎಲ್ಲಾ ಎಲ್‌ಇಡಿ ಬಲ್ಬ್ ಅದಾವ್ರಿ. ನಾನ ಹಾಕೀನಿ. ಆ ಥಂಡ್ಯಾಗ ಅವು ಎಲ್ಲಿಂದ ಬಿಸಿ ಆಗಬೇಕು?"

"ಇದು ಕಲ್ಪನೆಯ ಕೋಣೆ."

"ಹಂಗಾರ ಪಗಾರನೂ ಕಲ್ಪನೀದನ ಏನ್ರಿ?" ಅವಳು ಈರಪ್ಪನವರ ಕಡೆ ತಿರುಗಿದಳು. "ಸಿದ್ಧಾರೂಢಗ ಫ್ಯೂಜ್ ಹಾಕಾಕ ಬರೂದಿಲ್ಲ. ಹ್ವಾದ ವಾರ ಅವರ ಮನಿ ಫ್ಯೂಜ್ ಹಾಕಿ ಬಂದಾಕಿ ನಾನು. ನಿಮ್ಮ ತಂಗೀನ್ನ ಕೇಳ್ರಿ."

ಈರಪ್ಪನವರು ಅಂಗಿಯ ಗುಂಡಿ ಸರಿಮಾಡಿಕೊಂಡರು. "ಅಂವ ಕಲೀತಾನವಾ. ನೀನ ಬಾಜೂಕ ನಿಂತು ಒಂದು ತಿಂಗಳ ಕಲಿಸಿಕೊಡು. ಆಮ್ಯಾಲೆ ನೋಡೂಣು."

ರೋಹಿಣಿ ಎದ್ದು ಹೊರಗಿನ ದೊಡ್ಡ ಪ್ಯಾನೆಲ್ಲಿಗೆ ಹೋದಳು. ಅದರ ಇಪ್ಪತ್ತೆರಡು ಸ್ವಿಚ್ಚುಗಳ ಕೆಳಗೂ ಬಿಳಿ ಟೇಪು, ಟೇಪಿನ ಮೇಲೆ ಅವಳ ಕೈಬರಹ: ಮೂರನೇ ಖೋಲಿ ಪಂಖಾ, ಹಿಂದಿನ ಬಾಗಲ ಲೈಟು, ಹೀಗೆ. ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ ಕಿತ್ತಳು. ಅವಸರ ಮಾಡಲಿಲ್ಲ. ಎಲ್ಲವನ್ನೂ ಉಂಡೆ ಮಾಡಿ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

"ಟೇಪು ನಂದು, ಅಕ್ಷರ ನಂದು. ಖೋಲಿ ಅದಾವು, ಸ್ವಿಚ್ ಅದಾವು. ಅಂವ ಬಲ್ಬ್ ಮುಟ್ಟಿ ನೋಡಿ ಹೇಳ್ತಾನ ಬಿಡ್ರಿ."

ಕೆಲಸ ಸಿದ್ಧಾರೂಢನಿಗೆ ಆಯಿತು. ಗುರುವಾರದವರೆಗೆ ಇಪ್ಪತ್ತೆರಡರಲ್ಲಿ ಒಂಬತ್ತು ಸ್ವಿಚ್ಚುಗಳ ಗುರುತು ಸಿಕ್ಕಿದೆ.