ಚೈನಿಗೆ ಎರಡು ಬೆರಳು ಸಡಿಲ

ಟೈಲರಣ್ಣನ ಬೈಕು ಬೀದಿಯ ತಿರುವಿನಲ್ಲಿರುವಾಗಲೇ ಮನೆಯವಳಿಗೆ ಗೊತ್ತಾಗುತ್ತಿತ್ತು. ಹಾರ್ನ್ ಬೇಕಿರಲಿಲ್ಲ. ಚೈನು ಕರಕರ ಎನ್ನುತ್ತಾ, ನಡುನಡುವೆ ಕವರಿಗೆ ಟಣ್ಣೆಂದು ಬಡಿಯುತ್ತಾ ಬರುತ್ತಿತ್ತು. ಅದನ್ನು ಯಾರಿಗಾದರೂ ತೋರಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ ಅವನು, ಓಡುತ್ತಿದೆಯಲ್ಲ, ಓಡುವಷ್ಟು ದಿನ ಓಡಲಿ ಬಿಡು ಎಂದು ಹೊಲಿಗೆ ಮಷಿನ್ನಿನ ಮೇಲೆ ತಲೆ ಬಗ್ಗಿಸಿಬಿಡುತ್ತಿದ್ದ. ಗಿರಾಕಿಯ ಅಂಗಿಯಲ್ಲಿ ಒಂದು ನೂಲು ಎದ್ದಿದ್ದರೂ ಊಟ ಸೇರದ ಮನುಷ್ಯ, ಬೈಕಿನ ವಿಷಯಕ್ಕೆ ಮಾತ್ರ ಶುದ್ಧ ಕಿವುಡ.

ಕೊನೆಗೂ ಒಂದು ದಿನ ಅದು ಓಡಲಿಲ್ಲ. ಹೆಂಡತಿಗೆ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸ. ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಸೇತುವೆಯ ಮೇಲೆ ಚೈನು ಹಲ್ಲಿನ ಚಕ್ರದಿಂದ ಜಾರಿತು. ಎಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ, ಬೆನ್ನ ಹಿಂದೆ ಲಾರಿ. ಲಾರಿಯವನು ಪುಣ್ಯಾತ್ಮ, ಬ್ರೇಕು ಒತ್ತಿ ನಿಲ್ಲಿಸಿದ. ಇಬ್ಬರ ಜೀವವೂ ಬಾಯಿಗೆ ಬಂದಿತ್ತು. ಹೆಂಡತಿ ಇಳಿದು ಸೇತುವೆಯ ಕಟಕಟೆ ಹಿಡಿದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೂ ಸಮಾಧಾನ ಆಗುತ್ತಿತ್ತು.

"ಇನ್ನು ಈ ಗಾಡಿ ನಾನು ಹತ್ತಲ್ಲ" ಎಂದಷ್ಟೇ ಹೇಳಿ ಬಸ್ ಸ್ಟಾಪಿನತ್ತ ನಡೆದಳು.

ಅವಳು ಹೇಳಿದ್ದನ್ನು ಮಾಡುವವಳು. ಮರುದಿನದಿಂದ ಬಸ್ಸಿಗೇ ಹೊರಟಳು. ಗಂಡಹೆಂಡತಿ ಇಬ್ಬರೇ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಬೈಕಿನ ಮೇಲೆ ಮಾತ್ರ ಎಂಬುದು ಟೈಲರಣ್ಣನಿಗೆ ಹೊಳೆದದ್ದೇ ಆಗ. ಅಂಗಡಿಯಲ್ಲಿ ಗಿರಾಕಿಗಳು, ಮನೆಯಲ್ಲಿ ನೂರೆಂಟು ಕೆಲಸ. ಬೆಳಗಿನ ಸವಾರಿಯಲ್ಲಿ ಅವಳು ಅವನ ಭುಜದ ಮೇಲೆ ಕೈಯಿಟ್ಟುಕೊಂಡು ಆಸ್ಪತ್ರೆಯ ಸುದ್ದಿಯನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಈಗ ಹಿಂದಿನ ಸೀಟು ಖಾಲಿ. ಅವನಿಗೆ ಬಹಳ ಬೇಜಾರಾಯಿತು.

ಬೀದಿಯ ಮೆಕ್ಯಾನಿಕ್ ಅಂಗಡಿಗೆ ಬೀಗ ಹಾಕಿ ನೆಂಟರ ಊರಿಗೆ ಹೋಗಿದ್ದ. ದಿನಾ ಮಷಿನ್ ಬಿಚ್ಚಿ ಜೋಡಿಸುವವನಿಗೆ ಇದೇನು ಮಹಾ ಎಂದುಕೊಂಡು ಟೈಲರಣ್ಣ ತಾನೇ ಒಂದು ಹೊಸ ಚೈನು ತಂದ. ಆ ಭಾನುವಾರ ಹೆಂಡತಿಯ ತಂಗಿ ಮನೆಗೆ ಬಂದಿದ್ದಳು. ಈ ನಾದಿನಿ ಬೈಕಿನಲ್ಲಿ ಪಾರ್ಸೆಲ್ ಹಂಚುವವಳು. ದಿನವಿಡೀ ಗಾಡಿಯ ಮೇಲೇ ಇರುವುದರಿಂದ ತನ್ನ ಚೈನು ತಾನೇ ಬದಲಿಸಲು ಕಲಿತಿದ್ದಳು. ಪೊಟ್ಟಣ ನೋಡಿದವಳೇ, ಸ್ಪ್ರಾಕೆಟ್ ಎಲ್ಲಿ, ಚೈನು ಕೂರುವ ಹಲ್ಲಿನ ಚಕ್ರಗಳು ಎಲ್ಲಿ ಎಂದು ಕೇಳಿದಳು. ಸವೆದದ್ದು ಚೈನು ತಾನೇ, ಚಕ್ರ ಕಬ್ಬಿಣದ್ದು, ಗಟ್ಟಿಯಾಗಿದೆ ಎಂದು ಇವನ ವಾದ. ಅವಳು ಅವನನ್ನು ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿ ತೋರಿಸಿದಳು. ಹಲ್ಲುಗಳು ಚೂಪಾಗಿ, ಎಲ್ಲವೂ ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದವು.

"ಬಾಗಿದ ಸೂಜಿಗೆ ಹೊಸ ದಾರ ಹಾಕಿ ಹೊಲೀತೀರಾ ಭಾವ?"

"ಹೊಲಿದ್ರೆ ದಾರ ಕಿತ್ತು ಹೋಗುತ್ತೆ."

"ಇಲ್ಲೂ ಅಷ್ಟೇ. ಸವೆದ ಹಲ್ಲು ಹೊಸ ಚೈನನ್ನೂ ತಿಂದು ಹಾಕುತ್ತೆ. ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ, ಮೂರನ್ನೂ ಒಟ್ಟಿಗೇ ಬದಲಾಯಿಸ್ಬೇಕು."

ಸೂಜಿಯ ಮಾತು ಬಂದ ಮೇಲೆ ಟೈಲರಣ್ಣ ಹೋಗಿ ಚೈನು ವಾಪಸ್ ಕೊಟ್ಟು, ತನ್ನ ಗಾಡಿಯ ಮಾಡೆಲ್ ಹೇಳಿ ಪೂರ್ತಿ ಸೆಟ್ಟನ್ನೇ ತಂದ.

ಅಂಗಳದಲ್ಲಿ ಹಳೆ ಚಾಪೆ ಹಾಸಿ ಕೆಲಸ ಶುರುವಾಯಿತು. ಎಂಜಿನ್ ತಣ್ಣಗಾಗಿರಬೇಕು, ಕೀ ಗಾಡಿಯಲ್ಲಿರಬಾರದು ಎಂಬುದು ನಾದಿನಿಯ ಮೊದಲ ಕಟ್ಟಪ್ಪಣೆ. ಬೆರಳು ಚೈನಿನ ನಡುವೆ ಇರುವಾಗ ಗಾಡಿ ಸ್ಟಾರ್ಟಾದರೆ ಬೆರಳೇ ಹೋಗುತ್ತದೆ, ಆಮೇಲೆ ಗುಂಡಿ ಹಾಕಲು ಬಾಯಿ ಉಪಯೋಗಿಸ್ತೀರಾ ಎಂದು ರೇಗಿಸಿ, ಕೀಯನ್ನು ಅಕ್ಕನ ಕೈಗೆ ಕೊಟ್ಟಳು. ದೊಡ್ಡ ಸ್ಟ್ಯಾಂಡ್ ಹಾಕಿದರು. ಮುಂದಿನ ಹಲ್ಲುಚಕ್ರದ ಬೋಲ್ಟನ್ನು ಹಳೆ ಚೈನು ಇರುವಾಗಲೇ ಸಡಿಲಿಸಬೇಕಂತೆ. ಚೈನು ತೆಗೆದರೆ ಬೋಲ್ಟಿನ ಜೊತೆ ಹಲ್ಲುಚಕ್ರವೂ ತಿರುಗುತ್ತಲೇ ಇರುತ್ತದೆ. ಅದಕ್ಕೆ ಯಾರಾದರೂ ಹಿಂದಿನ ಬ್ರೇಕು ಒತ್ತಿ ಹಿಡಿಯಬೇಕಿತ್ತು. ಹೆಂಡತಿ ಒತ್ತಿದಳು, ಆದರೆ ಗಾಡಿ ಹತ್ತಲಿಲ್ಲ. ಪಕ್ಕದಲ್ಲಿ ಬಗ್ಗಿ ಕೈಯಿಂದಲೇ ಒತ್ತಿದಳು. ಶಪಥ ಎಂದರೆ ಶಪಥ.

ಬಿಚ್ಚಿದ ನಟ್ಟುಗಳನ್ನು ಟೈಲರಣ್ಣ ತನ್ನ ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಸಾಲಿನಲ್ಲೇ ಇಟ್ಟ. ಹಳೆ ಚೈನು ಬಿಚ್ಚಿ, ಹಿಂದಿನ ಚಕ್ರ ಕಳಚಿ, ಹಲ್ಲುಚಕ್ರ ಎರಡನ್ನೂ ಹೊಸದು ಹಾಕಿ, ಹಿಂದಿನ ಚಕ್ರವನ್ನು ಮತ್ತೆ ಕೂರಿಸಿದರು. ಚೈನು ಏರಿಸುವ ಹೊತ್ತಿಗೆ ಅವನಿಗೇ ಒಂದು ಉಪಾಯ ಹೊಳೆಯಿತು. ಮಷಿನ್ನಿನಲ್ಲಿ ದಾರ ಬದಲಿಸುವಾಗ ಹಳೆ ದಾರದ ತುದಿಗೆ ಹೊಸದನ್ನು ಗಂಟು ಹಾಕಿ ಎಳೆಯುವುದಿಲ್ಲವೇ? ಹಾಗೆಯೇ ಹಳೆ ಚೈನನ್ನು ಒಮ್ಮೆ ಹೊಸ ಹಲ್ಲುಗಳ ಮೇಲೆ ಸುತ್ತಿ, ಅದರ ತುದಿಗೆ ಹೊಸದನ್ನು ಸಿಕ್ಕಿಸಿ ಮೆಲ್ಲಗೆ ಎಳೆದ. ಹೊಸ ಚೈನು ಹಲ್ಲುಗಳ ಮೇಲೆ ಮರ್ಯಾದೆಯಾಗಿ ಬಂದು ಕೂತಿತು. ಪರವಾಗಿಲ್ಲವೇ ನಮ್ಮ ಭಾವ ಎಂದಳು ನಾದಿನಿ. ಇವನಿಗೆ ಜಂಬ ಏರಿತು. ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪನ್ನು ಮಾತ್ರ ಅವಳು ಪಕ್ಕದಲ್ಲೇ ಕೂತು ಹಾಕಿಸಿದಳು: ಕ್ಲಿಪ್ಪಿನ ಮುಚ್ಚಿದ ಕಡೆ ಚೈನು ಓಡುವ ದಿಕ್ಕಿಗೆ, ಸೀಳಿದ ಬಾಯಿ ಹಿಂದಕ್ಕೆ. ಉಲ್ಟಾ ಹಾಕಿದರೆ ಏನಾದರೂ ತಗುಲಿ ಕ್ಲಿಪ್ಪು ಹಾರಿಹೋಗಬಹುದು.

ಅಷ್ಟರಲ್ಲಿ ಫೋನು ಬಂತು. ಒಂದು ಪಾರ್ಸೆಲ್ ಕೊಟ್ಟು ಬರುತ್ತೇನೆ, ಚೈನಿನ ಬಿಗಿ ಮಾತ್ರ ನಾನು ಬಂದ ಮೇಲೆ ಎಂದು ಹೇಳಿ ನಾದಿನಿ ಹೊರಟಳು.

ಟೈಲರಣ್ಣ ಕಾಯುತ್ತಾನೆಯೇ? ಅವನ ಕಾಲ್ಮಷಿನ್ನಿನ ಬೆಲ್ಟು ಸ್ವಲ್ಪ ಸಡಿಲವಾದರೂ ಹೊಲಿಗೆ ಸರಿಯಾಗಿ ಬೀಳುವುದಿಲ್ಲ. ಇಷ್ಟು ವರ್ಷ ಆ ಬೆಲ್ಟನ್ನು ಬಿಗಿ ಮಾಡಿ ಮಾಡಿ ಪಳಗಿದ ಕೈ. ಸಡಿಲವಾಗಿಯೇ ತಾನೇ ಮೊನ್ನೆ ಸೇತುವೆಯ ಮೇಲೆ ಚೈನು ಬಿದ್ದದ್ದು? ಹಿಂದಿನ ಚಕ್ರವನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆಳೆದು, ಹಲ್ಲು ಕಚ್ಚಿ ನಟ್ಟು ಬಿಗಿದ. ಇನ್ನು ಈ ಜನ್ಮದಲ್ಲಿ ಬೀಳುವುದಿಲ್ಲ ಎಂದು ಹೆಂಡತಿಗೆ ಹೇಳಿ ಕೈ ತೊಳೆದುಕೊಂಡ.

ನಾದಿನಿ ವಾಪಸ್ ಬಂದು ಚೈನು ನೋಡಿದಳು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಭಾವನನ್ನು ಮೇಲೆ ಕೂರಿಸಿ, ಅಕ್ಕನ ಕಡೆ ತಿರುಗಿದಳು.

"ಅಕ್ಕ, ನೀನೂ ಹಿಂದೆ ಕೂತ್ಕೋ."

"ನಾನು ಹತ್ತಲ್ಲ ಅಂತ ಹೇಳಿದ್ದೀನಲ್ಲ."

"ಗಾಡಿ ಎಲ್ಲೂ ಹೋಗಲ್ಲ. ಕೀ ನಿನ್ನ ಹತ್ರಾನೇ ಇದೆ. ನೀನು ಕೂತ್ರೆ ಮಾತ್ರ ನಿಜ ಗೊತ್ತಾಗೋದು."

ಹೆಂಡತಿ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿ ಕೂತಳು. ಗಾಡಿ ಕೆಳಕ್ಕೆ ಕುಗ್ಗಿತು. ಈಗ ಬಗ್ಗಿ ಚೈನು ಮುಟ್ಟಿ ನೋಡಿ ಎಂದಳು ನಾದಿನಿ. ಟೈಲರಣ್ಣ ಮುಟ್ಟಿದ. ಚೈನು ಸರಳಿನ ಹಾಗೆ ಸೆಟೆದು ನಿಂತಿತ್ತು. ಬೆರಳಿನಿಂದ ಒತ್ತಿದರೆ ಕೂದಲೆಳೆಯಷ್ಟೂ ಜಗ್ಗಲಿಲ್ಲ.

"ನಿಮ್ಮ ಮಷಿನ್ ನಿಂತಲ್ಲೇ ನಿಂತಿರುತ್ತೆ ಭಾವ. ಗಾಡಿ ಹಾಗಲ್ಲ. ಜನ ಕೂತಾಗ, ಗುಂಡಿಗೆ ಬಿದ್ದಾಗ ಹಿಂದಿನ ಚಕ್ರ ಮೇಲಕ್ಕೆ ಬರುತ್ತೆ, ಚೈನು ಇನ್ನೂ ಎಳ್ಕೊಳ್ಳುತ್ತೆ. ಸಡಿಲ ಇಲ್ದಿದ್ರೆ ಎಲ್ಲೋ ಒಂದು ಕಡೆ ಕಿತ್ಕೊಳ್ಳುತ್ತೆ. ಕಿತ್ತ ಚೈನು ಚಕ್ರಕ್ಕೆ ಸಿಕ್ಕಿದ್ರೆ ಗಾಡಿ ಅಲ್ಲೇ ಬೀಳುತ್ತೆ."

ಟೈಲರಣ್ಣನಿಗೆ ಮತ್ತೆ ಅದೇ ಸೇತುವೆ, ಅದೇ ಲಾರಿ ಕಣ್ಣ ಮುಂದೆ ಬಂದವು. ಕೈ ತೊಳೆದದ್ದೂ ದಂಡವಾಯಿತು. ತಾನೇ ನಟ್ಟು ಬಿಚ್ಚಿ ಚಕ್ರವನ್ನು ಮುಂದಕ್ಕೆ ತಂದ. ಚಕ್ರದ ಎರಡೂ ಬದಿಯಲ್ಲಿ ಅಳತೆಗೆಂದು ಕೊರೆದ ಗೆರೆಗಳನ್ನು, ಅಂಗಿಯ ಎರಡು ತೋಳು ಅಳೆಯುವ ಹಾಗೆ ಅಳೆದು ಸಮ ಮಾಡಿದ. ಚೈನಿನ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿದರೆ ಎರಡು ಬೆರಳಿನ ಅಗಲದಷ್ಟು ಸಡಿಲ ಸಿಕ್ಕಿತು. ಗಾಡಿಯ ಜೊತೆ ಬಂದ ಪುಸ್ತಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಅಳತೆ ಇತ್ತು. ಚಕ್ರವನ್ನು ಕೈಯಿಂದ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಿದರು. ನಟ್ಟು ಭದ್ರ ಮಾಡಿ, ಹಿಂದಿನ ಬ್ರೇಕು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿದರು. ಇಬ್ಬರೂ ಮತ್ತೊಮ್ಮೆ ಕೂತು ನೋಡಿದಾಗ, ಚೈನಿನಲ್ಲಿ ಇನ್ನೂ ಸ್ವಲ್ಪ ಸಡಿಲ ಉಳಿದಿತ್ತು. ಹೆಂಡತಿಯ ಸೆರಗು ಸಿಕ್ಕಬಾರದೆಂದು ಚೈನ್ ಕವರನ್ನೂ ಹಾಕಿದರು.

ಮೊದಲು ಅವನೊಬ್ಬನೇ ನಿಧಾನವಾಗಿ ಒಂದು ಸುತ್ತು ಹೋದ. ಹೆಂಡತಿ ಗೇಟಿನಲ್ಲಿ ಕಿವಿ ಕೊಟ್ಟು ನಿಂತಳು. ಕರಕರ ಇಲ್ಲ, ಟಣ್ಣೆನ್ನುವುದೂ ಇಲ್ಲ. ಅವಳು ಇನ್ನೂ ತಿರುವಿನತ್ತ ನೋಡುತ್ತಿದ್ದಂತೆ, ಅವನು ಆ ಕಡೆಯ ಬೀದಿಯಿಂದ ಬಂದು ಅವಳ ಬೆನ್ನ ಹಿಂದೆಯೇ ನಿಂತಿದ್ದ.

"ಬಂದಿದ್ದೇ ಗೊತ್ತಾಗ್ಲಿಲ್ಲ" ಎಂದಳು. ಅಷ್ಟು ಸಾಕಾಯಿತು. ಟೈಲರಣ್ಣನಿಗೆ ಹೋದ ಜೀವ ಬಂದಂತಾಯಿತು.

ಸೋಮವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೋಗಲಿಲ್ಲ. ಆಸ್ಪತ್ರೆಯ ಸುದ್ದಿ ಹೇಳುತ್ತಾ ಹೋದವಳು ಸೇತುವೆ ಬಂದಾಗ ಸುಮ್ಮನಾದಳು. ಸೇತುವೆ ದಾಟಿತು. "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಅವಳು ಅವನ ಭುಜದ ಮೇಲೆ ಮತ್ತೆ ಕೈಯಿಟ್ಟಳು.

ಬೈಕು ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಚೈನೂ ಸದ್ದು ಮಾಡುತ್ತಿದೆಯೇ? ಹಲ್ಲು ಕೊಕ್ಕೆಯಾಗಿದ್ದರೆ ಚೈನು, ಸ್ಪ್ರಾಕೆಟ್ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ. ಮನೆಯಲ್ಲೇ ಮಾಡಬಹುದು, ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅನುಮಾನ ಬಂದರೆ ಮೆಕ್ಯಾನಿಕ್ಕಿಗೆ ತೋರಿಸಿ. ಕೆಲಸ ಮುಗಿದ ಮೇಲೆ ಎಂಜಿನ್ ಆರಿಸಿ, ದಿನಾ ನಿಮ್ಮ ಹಿಂದೆ ಕೂರುವವರನ್ನೇ ಕರೆದು ಕೂರಿಸಿ, ಬಗ್ಗಿ ಚೈನು ಮುಟ್ಟಿ ನೋಡಿ. ನಿಮ್ಮನ್ನು ನಂಬಿ ಕೂರುವವರು ಅವರು.