ಖಾಡಿ ದಂಡೆಯ ಬಂಬ

ಪೈಪು ನೀರಿಗೆ ಮುಟ್ಟಲಿಲ್ಲ.

ಕಾಶಪ್ಪ ಲಾರಿಯಿಂದ ಜಿಗಿದು, ನೀರು ಹೀರುವ ದಪ್ಪ ಪೈಪಿನ ತುದಿಯನ್ನು ಹೆಗಲಿಗೇರಿಸಿಕೊಂಡು, ಮೊಣಕಾಲು ಹುಗಿಯುವ ಕೆಸರಿನಲ್ಲಿ ಎಳೆದುಕೊಂಡು ಹೋಗಿದ್ದ. ಪೈಪು ಮುಗಿಯಿತು, ಕೆಸರು ಮುಗಿಯಲಿಲ್ಲ. ಖಾಡಿಯ ನೀರು ಇನ್ನೂ ಐವತ್ತು ಮಾರು ಆಚೆ, ತನಗೂ ಊರಿಗೂ ಸಂಬಂಧವೇ ಇಲ್ಲವೆಂಬಂತೆ ಹಾಯಾಗಿ ಬಿದ್ದುಕೊಂಡಿತ್ತು. ಹಿಂದೆ, ದಂಡೆಯ ಮೇಲೆ, ತನ್ನ ಜನರ ಗುಡಿಸಲುಗಳು ಉರಿಯುತ್ತಿದ್ದವು.

"ಎಷ್ಟ ಕಮ್ಮಿ ಬಿತ್ತೋ?" ಎಂದು ದಂಡೆಯಿಂದ ಗದಿಗೆಪ್ಪ ಕೂಗಿದ. ಅವನೂ ಬೆಂಕಿ ಆರಿಸುವ ಬಂಬ ಮಂಡಳಿಯವನೇ.

ಕಾಶಪ್ಪ ಪೈಪಿನ ತುದಿಯನ್ನು ಕೆಸರಿನಲ್ಲೇ ಬಿಟ್ಟು ದಂಡೆಯ ಕಡೆ ಕಾಲು ಕಿತ್ತ.

ಎಪ್ಪತ್ನಾಲ್ಕರ ಯುಗಾದಿ ಅಮಾಸೆಯ ಬೆಳಗು ಅದು. ಮಲಾಡಿನ ಪಶ್ಚಿಮಕ್ಕೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಗೆ, ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಇಪ್ಪತ್ತೆರಡು ಗುಡಿಸಲು. ಅಮಾಸೆ ದಿನ ಆ ಜನ ಕೆಲಸಕ್ಕೆ ಹೋಗುವುದಿಲ್ಲ. ಮುಕಾದಮ ಎಷ್ಟು ಬೈದರೂ ಅಷ್ಟೇ. ಗಂಡಸರು ಮಲಗಿದ್ದರು, ಹೆಂಗಸರು ಎಣ್ಣೆ ನೀರಿಗೆಂದು ನಸುಕಿನಲ್ಲೇ ಅಂಗಳದ ಒಲೆ ಹೊತ್ತಿಸಿದ್ದರು. ರಸ್ತೆಯ ಕಡೆಯ ಮೊದಲ ಗುಡಿಸಲಿನ ಡಾಂಬರು ಕಾಗದದ ಮಾಡಿಗೆ ಎಲ್ಲಿಯದೋ ಒಂದು ಕಿಡಿ ಹಾರಿತು. ಬೆಳಗಿನ ಗಾಳಿ ನೆಲದಿಂದ ಖಾಡಿಯ ಕಡೆಗೆ ಬೀಸುತ್ತದೆ, ಬೆಂಕಿಯೂ ಅದೇ ದಾರಿ ಹಿಡಿಯಿತು. ಸಾಲಿನ ಕಟ್ಟಕಡೆಯ ಗುಡಿಸಲು, ನೀರಿನ ಕಡೆಗಿರುವುದು, ಶೆಟ್ಟೆಪ್ಪನದು.

ಶೆಟ್ಟೆಪ್ಪನೂ ಕಾಶಪ್ಪನೂ ಒಂದೇ ದಿನ ಊರು ಬಿಟ್ಟು ಒಂದೇ ರೈಲಿನಲ್ಲಿ ಬಂದವರು. ಕಾಶಪ್ಪ ಲಾರಿ ಓಡಿಸುವುದು ಕಲಿತು ಎರಡು ವರ್ಷದ ಹಿಂದೆ ರಸ್ತೆಯ ಮೇಲಿನ ಇಟ್ಟಿಗೆಯ ಸಾಲುಮನೆಗೆ, ಚಾಳಿಗೆ, ಹೋದ. ಶೆಟ್ಟೆಪ್ಪ ಗಾರೆ ಕಲಸುತ್ತ, ಮುದುಕಿ ತಾಯಿ ರಾಚವ್ವನೊಡನೆ ಇಲ್ಲೇ ಉಳಿದ.

ಬಂಬ ಮಂಡಳಿ ಹುಟ್ಟಿದ್ದು ಅರವತ್ತೈದರ ಯುದ್ಧದಲ್ಲಿ. ದೀಪ ಆರಿಸಿ ಕೂತಿರುತ್ತಿದ್ದ ಆ ದಿನಗಳಲ್ಲಿ, ಬಾಂಬು ಬಿದ್ದರೆ ನಮ್ಮನ್ನು ಕೇಳುವವರು ಯಾರು ಎಂದು ಹತ್ತು ಜನ ಸೇರಿ ಮಾಡಿಕೊಂಡದ್ದು. ಬಾಂಬಂತೂ ಬೀಳಲಿಲ್ಲ, ಮಂಡಳಿ ಉಳಿಯಿತು. ಅವರ ಮೊದಲ ಬಂಬ ಎರಡು ಗಾಲಿಯ ಒಂದು ಕೈಗಾಡಿ. ಅದರ ಮೇಲೊಂದು ಪಂಪು; ಇಬ್ಬರು ಈಚೆ, ಇಬ್ಬರು ಆಚೆ ನಿಂತು ಹಿಡಿಕೆ ಒತ್ತಬೇಕು. ನೋಡುವುದಕ್ಕೆ ಕಬ್ಬಿನ ಹಾಲಿನ ಗಾಡಿಯಂತಿತ್ತು, ಮಕ್ಕಳು ನಗುತ್ತಿದ್ದರು. ಆದರೆ ನೀರು ಇಳಿದಾಗ ಎಂಟು ಜನ ಹೆಗಲು ಕೊಟ್ಟರೆ ಕೆಸರಿನ ಮೇಲೆ ಜಾರುತ್ತ ನೀರಿದ್ದಲ್ಲಿಗೇ ಹೋಗುತ್ತಿತ್ತು. ಅಲ್ಲಿಂದ ದಂಡೆಯವರೆಗೆ ಕ್ಯಾನ್ವಾಸಿನ ಪೈಪು ಹಾಸಿದರಾಯಿತು. ಶೆಟ್ಟೆಪ್ಪ ಪ್ರತಿ ಸೋಮವಾರ ಪಂಪಿನ ಚರ್ಮದ ವಾಶರು ಬಿಚ್ಚಿ ಕೊಬ್ಬರಿ ಎಣ್ಣೆ ಸವರುತ್ತಿದ್ದ.

ಆಮೇಲೆ ಬಂತು ಕೆಂಪು ಲಾರಿ. ಬಾಗಿಲು ಹಾಕಿದ ಯಾವುದೋ ಮಿಲ್ಲಿನದು, ಹಳೆಯದೇ, ಆದರೆ ಹಿತ್ತಾಳೆ ಗಂಟೆ ಏನು, ಏಣಿ ಏನು! ಅದನ್ನು ತರಲೇಬೇಕೆಂದು ಹಟ ಹಿಡಿದವನು ಕಾಶಪ್ಪ. ಓಡಿಸುವವನು ಇನ್ನಾರು, ಅವನೇ ತಾನೆ. ಪರೀಕ್ಷೆಗೆ ಒಳ್ಳೆಯ ದಿನ ಬೇಕಲ್ಲ. ನೂಲ ಹುಣ್ಣಿಮೆಯನ್ನು ಆರಿಸಿದರು. ಅಂದು ಕೋಳಿಗರು, ಅಂದರೆ ಅಲ್ಲಿಯ ಮೀನುಗಾರರು, ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ. ಹುಣ್ಣಿಮೆಯ ಮಧ್ಯಾಹ್ನ ಖಾಡಿ ದಂಡೆಯ ಕಲ್ಲಿನವರೆಗೆ ತುಂಬಿ ತುಳುಕುತ್ತಿತ್ತು. ಪೈಪು ಇಳಿಬಿಟ್ಟದ್ದೇ ತಡ, ನೀರು ತಾಳೆಮರದ ತಲೆ ದಾಟಿ ಹಾರಿತು. ಜನ ಚಪ್ಪಾಳೆ ತಟ್ಟಿ ಕಾಶಪ್ಪನಿಗೆ ಕುಂಕುಮ ಹಚ್ಚಿದರು.

"ಇದು ತುಂಬಿದ ಖಾಡಿ," ಎಂದಿದ್ದ ಶೆಟ್ಟೆಪ್ಪ. "ಓಹೋಟಿ ಇದ್ದಾಗ, ನೀರ ಇಳದಾಗ ಒಮ್ಮಿ ನೋಡೂಣು. ಈ ಆನಿ ರಾಡ್ಯಾಗ ಇಳಿಯೂದಿಲ್ಲ."

"ಹಬ್ಬದ ದಿನ ಒಡಕ ಮಾತ ಆಡಬ್ಯಾಡೋ ಮಾರಾಯಾ," ಎಂದಿದ್ದ ಕಾಶಪ್ಪ. ಎಲ್ಲರೂ ನಕ್ಕಿದ್ದರು.

ಡೋಣಿ ಹೊಳೆಯ ದಂಡೆಯಲ್ಲಿ ಬೆಳೆದವರು ಅವರು. ಹೊಳೆಯೆಂದರೆ ವರ್ಷಕ್ಕೊಮ್ಮೆ ತುಂಬುವುದು, ವರ್ಷಕ್ಕೊಮ್ಮೆ ಒಣಗುವುದು. ದಿನಕ್ಕೆ ಎರಡು ಸಲ ಬಂದು ಎರಡು ಸಲ ಹೋಗುವ ನೀರನ್ನು ಇಷ್ಟು ವರ್ಷ ಕಂಡಿದ್ದರೂ ಸಂಭ್ರಮದಲ್ಲಿ ಮರೆತರು. ಶೆಡ್ಡಿನಲ್ಲಿ ಒಂದೇ ಗಾಡಿಗೆ ಜಾಗ. ಕೈಗಾಡಿಯನ್ನು ಕುರ್ಲಾದ ಗುಜರಿಗೆ ಹಾಕಿಬಂದವನೂ ಕಾಶಪ್ಪನೇ. ಅಂದಿನಿಂದ ಶೆಟ್ಟೆಪ್ಪ ಮಂಡಳಿಗೆ ಬರುತ್ತಿದ್ದ, ಆದರೆ ಲಾರಿಯನ್ನು ಕೈಯಿಂದ ಮುಟ್ಟುತ್ತಿರಲಿಲ್ಲ.

ಈಗ ಲಾರಿಯ ಸ್ವಂತ ಟಾಕಿಯ ನೀರು ಐದು ನಿಮಿಷಕ್ಕೆ ಮುಗಿದಿತ್ತು. ರಸ್ತೆಯ ನಳಕ್ಕೆ ನೀರು ಬರುವುದು ಏಳು ಗಂಟೆಗೆ. ಸರಕಾರಿ ಬಂಬಕ್ಕೆ ಫೋನು ಮಾಡಲು ಒಬ್ಬ ಸ್ಟೇಶನ್ನಿನ ಕಡೆ ಓಡಿದ್ದ. ಅವನು ಮುಟ್ಟುವುದು ಯಾವಾಗ, ಅದು ಬರುವುದು ಯಾವಾಗ.

ಏಳು ಗುಡಿಸಲು ಹೋದವು, ಎಂಟನೆಯದು ಹಿಡಿಯಿತು.

ಕಾಶಪ್ಪ ಕೆಸರು ಮೆತ್ತಿದ ಕಾಲಿನಲ್ಲೇ ಲಾರಿ ಹತ್ತಿ ಚಾಲೂ ಮಾಡಿದ. "ಕೆಳಗ ಇಳಸ್ತೀನಿ!"

"ಬ್ಯಾಡೋ ಕಾಶಪ್ಪಾ!" ಶೆಟ್ಟೆಪ್ಪ ಎರಡೂ ಕೈಯೆತ್ತಿ ಓಡಿಬಂದ. "ಹುಗೀತೈತಿ, ನನ್ನ ಮಾತ ಕೇಳು!"

ಕಾಶಪ್ಪ ಕೇಳಲಿಲ್ಲ. ಕೇಳಿ ಸುಮ್ಮನೆ ನಿಲ್ಲುವುದು ಹೇಗೆ? ದಂಡೆಯ ಇಳಿಜಾರಿನಲ್ಲಿ ಲಾರಿಯನ್ನು ಬಿಟ್ಟ. ಒಂದು ಮಾರು ಹೋಯಿತು, ಎರಡು ಮಾರು ಹೋಯಿತು. ಆಮೇಲೆ ಮುಂದಿನ ಗಾಲಿಗಳು ನೀರು ಕಂಡ ಎಮ್ಮೆಯಂತೆ ಸಾವಕಾಶ ಕೂತುಬಿಟ್ಟವು. ಹಿಂದಕ್ಕೆ ಹೊಡೆದ. ಕೆಸರು ಸಿಡಿದು ಕನ್ನಡಿ ಮುಚ್ಚಿತು, ಲಾರಿ ಅಲುಗಲಿಲ್ಲ. ಕಾಶಪ್ಪನಿಗೆ ಅಳು ಬಂತು. ಸ್ಟೀರಿಂಗ್ ಚಕ್ರ ಹಿಡಿದುಕೊಂಡೇ ಅತ್ತ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಾವು ಕಂಡವರನ್ನು ಆಡಿಕೊಳ್ಳುತ್ತೇವೆ. ಇಲ್ಲಿ ತೋಡುವ ಕಷ್ಟವೂ ಇರಲಿಲ್ಲ. ಅರಬ್ಬೀ ಸಮುದ್ರವೇ ಕಣ್ಣೆದುರಿಗಿತ್ತು. ಜನ ಕೊಡ, ಬಕೀಟು, ಎಣ್ಣೆ ಡಬ್ಬಿ ಹಿಡಿದು ನೀರಿನಿಂದ ದಂಡೆಯವರೆಗೆ ಸಾಲುಗಟ್ಟಿದರು. ಕೆಸರಿನಲ್ಲಿ ಕಾಲು ಕೀಳುವಷ್ಟರಲ್ಲಿ ಅರ್ಧ ಕೊಡ ಚೆಲ್ಲುತ್ತಿತ್ತು. ಉಳಿದರ್ಧ ಬೆಂಕಿಗೆ ಬಿದ್ದು ಚುಂಯ್ ಎನ್ನುತ್ತಿತ್ತು. ಹನ್ನೆರಡು. ಹದಿಮೂರು. ಕಾಶಪ್ಪನ ಹೆಂಡತಿ ರುದ್ರವ್ವ ಚಾಳಿನಿಂದ ಓಡಿಬಂದು ಕೂಸುಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಎಣಿಸಿದಳು. ಎಲ್ಲ ಇದ್ದವು. ಅದೊಂದು ದೇವರ ಪುಣ್ಯ.

ಹದಿನೇಳಕ್ಕೆ ಹಿಡಿದಾಗ ಕಾಶಪ್ಪ ಶೆಟ್ಟೆಪ್ಪನ ರಟ್ಟೆ ಹಿಡಿದ. "ಬೆಂಕಿಗೂ ನಿನ್ನ ಮನಿಗೂ ನಡುವ ಇನ್ನೂ ನಾಕ ಅದಾವು. ನಡುವಿನ ಎರಡ ಕೆಡವೂಣು, ಬೆಂಕಿ ದಾಟೂದಿಲ್ಲ."

"ಯಾರ ಮನಿ ಕೆಡವ್ತಿ? ಅವರು ಸಾಮಾನ ತಗೀಲಿಕತ್ತಾರ."

"ಮತ್ತೇನ ಮಾಡ್ಲೋ? ಏನರ ಹೇಳೋ!"

ಶೆಟ್ಟೆಪ್ಪ ಅವನ ಮುಖ ನೋಡಿದ. ಬೈಯಲಿ, ಒಂದು ಏಟು ಹಾಕಲಿ ಎಂದು ಕಾಶಪ್ಪ ಕಾಯುತ್ತಿದ್ದ. ಶೆಟ್ಟೆಪ್ಪ ಒಳಗೆ ಹೋಗಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು ಕಲ್ಲಿನ ಮೇಲೆ ಕೂಡಿಸಿದ. ಮತ್ತೆ ಹೋಗಿ ಟ್ರಂಕು ತಂದ, ಹಿಟ್ಟಿನ ಡಬ್ಬಿ ತಂದ. ಮೂರನೆಯ ಸಲ ಹೋಗುವಷ್ಟರಲ್ಲಿ ಮಾಡು ಹೊತ್ತಿಕೊಂಡಿತು. ಇಪ್ಪತ್ತೆರಡನೆಯದೂ ಮುಗಿಯಿತು. ಬೆಂಕಿ ಕೆಸರಿನ ಅಂಚಿಗೆ ಬಂದು, ಮುಂದೆ ತಿನ್ನಲು ಏನೂ ಸಿಗದೆ ನಿಂತಿತು.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿತ್ತು. ಸರಕಾರಿ ಬಂಬದ ಸುದ್ದಿಯೇ ಇರಲಿಲ್ಲ. ಜನ ಉಳಿದ ಗಂಟುಗಳ ನಡುವೆ ಕೂತಿದ್ದರು. ಕಾಶಪ್ಪ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ರುದ್ರವ್ವ ಕೊಟ್ಟ ಚಹಾ ಹಾಗೇ ಆರಿತ್ತು. ಆಗ ಅವನ ಪಾದಕ್ಕೆ ತಣ್ಣಗೇನೋ ತಾಗಿತು. ನೋಡಿದರೆ ನೀರು. ಯಾರೂ ಕರೆಯದೆ, ಯಾರಿಗೂ ಹೇಳದೆ ಖಾಡಿ ತಿರುಗಿ ಬಂದಿತ್ತು. ಹೀರುವ ಪೈಪಿನ ಬಾಯಿ ಆಗಲೇ ಮುಳುಗಿತ್ತು, ನೀರು ಗಾಲಿಗಳ ಸುತ್ತ ಆಡುತ್ತಿತ್ತು.

ಶೆಟ್ಟೆಪ್ಪ ಬಂದು ಎದುರಿಗೆ ನಿಂತ. "ಚಾಲೂ ಮಾಡು."

"ಈಗ್ಯಾಕೋ?"

"ಒಳಗ ಇನ್ನೂ ಕೆಂಡ ಅದಾವು. ನೆಲ ತಣ್ಣಗಾಗಲಿ. ಅವ್ವಗ ಕುಂದ್ರಾಕ ಜಾಗಾ ಬೇಕು."

ಕಾಶಪ್ಪ ಚಹಾ ಪಕ್ಕಕ್ಕಿಟ್ಟ. ಎದ್ದು ಪಂಪು ಹಚ್ಚಿದ. ಶೆಟ್ಟೆಪ್ಪ ತಾನೇ ನೀರು ಬಿಡುವ ಪೈಪಿನ ಮೂತಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ತನ್ನ ಮನೆಯಿದ್ದ ಜಾಗಕ್ಕೆ ಮುಖ ಮಾಡಿ ನಿಂತ. ಪೈಪು ನಡುಗಿ ಉಬ್ಬಿತು. ನೀರು ಬಂತು, ಒಂದು ಮನೆಯನ್ನಲ್ಲ, ಇಪ್ಪತ್ತೆರಡನ್ನೂ ಉಳಿಸುವಂಥ ನೀರು. ಬೂದಿ ಮಾರುದ್ದ ಮೇಲೆದ್ದಿತು.

"ಸಾವಕಾಶ ಬಿಡ್ರೋ ಯಪ್ಪಾ," ಎಂದು ರಾಚವ್ವ ಕಲ್ಲಿನ ಮೇಲಿಂದ ಕೂಗಿದಳು. "ನನ್ನ ಒಲಿ ಒಂದ ಉಳದೈತಿ."

ಬೂದಿಯ ನಡುವೆ ಆಕೆ ಕೈಯಾರೆ ಮೆತ್ತಿದ ಮಣ್ಣಿನ ಒಲೆ, ಪಾತ್ರೆ ಕೂಡುವ ಮೂರೂ ಗುಂಡುಗಳೊಡನೆ, ನೆಟ್ಟಗೆ ನಿಂತಿತ್ತು. ಕಾಶಪ್ಪ ಪಂಪು ತಗ್ಗಿಸಲು ಕೈ ಚಾಚಿದ. ಅಷ್ಟರಲ್ಲಿ ನೀರು ಒಲೆಗೆ ಬಡಿಯಿತು. ಒಂದು ಗುಂಡು ಕಳಚಿ, ಉರುಳಿ, ಕಪ್ಪು ನೀರಿನೊಡನೆ ಖಾಡಿಯ ಕಡೆಗೆ ಇಳಿಯತೊಡಗಿತು.